ಅಟ್ಟದ ಮೇಲಿನ ರೇಡಿಯೋ: ಹೊಸದು ಹಾಕುವ ಮುನ್ನ ಹಳೇದನ್ನು ಓದೋಣ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಯ ಹಳೇ ಮನೆಗಳ ಅಟ್ಟ ಹುಡುಕಿದರೆ ಈಗಲೂ ಅಲ್ಲೊಂದು ಇಲ್ಲೊಂದು ಕಟ್ಟಿಗೆಯ ಪೆಟ್ಟಿಗೆ ಸಿಗುತ್ತದೆ. ಮುಂದೆ ಬಟ್ಟೆ ಬಿಗಿದ ಮುಖ, ಅದರ ಕೆಳಗೆ ಊರುಗಳ ಹೆಸರು ಬರೆದ ಗಾಜು, ಎರಡೋ ನಾಲ್ಕೋ ಗುಂಡಿ. ಅದು ವಾಲ್ವ್ ರೇಡಿಯೋ. ಮರ್ಫಿ, ಫಿಲಿಪ್ಸ್, ಬುಷ್, ನ್ಯಾಷನಲ್ ಎಕೋ ಅಂತ ಬೇರೆ ಬೇರೆ ಹೆಸರು. ಮನೆಯಲ್ಲಿ ಅದಕ್ಕೆ ಒಂದೇ ಹೆಸರು: ಅಜ್ಜನ ರೇಡಿಯೋ.

ಇಂಥ ಪೆಟ್ಟಿಗೆಗೆ ಈಗ ಎರಡು ಗತಿ ಕಾಣುತ್ತಿವೆ. ಒಂದು, ಗುಜರಿಯವನ ಗಾಡಿ. ಇನ್ನೊಂದು ಹೊಸದು: ಮೊಬೈಲಿನಲ್ಲಿ ವಿಡಿಯೋ ನೋಡಿ, ಒಳಗಿನ ಹಳೇ ಸಾಮಾನನ್ನೆಲ್ಲ ಕಿತ್ತು ಬಿಸಾಕಿ, ಒಂದು ಬ್ಲೂಟೂತ್ ಬೋರ್ಡು, ಎರಡು ಸ್ಪೀಕರ್, ನಾಲ್ಕು ಬಣ್ಣದ ಎಲ್‌ಇಡಿ ಹಾಕಿ ಪಡಸಾಲೆಯಲ್ಲಿ ಇಡುವುದು. ನೋಡಲು ಚೆಂದ ಕಾಣುತ್ತದೆ, ಹಾಡೂ ಜೋರಾಗಿ ಬರುತ್ತದೆ. ಎರಡನೆಯದಕ್ಕೆ ನಾವು ವಿರೋಧಿಗಳಲ್ಲ. ಗುಜರಿಗಿಂತ ಅದು ಎಷ್ಟೋ ವಾಸಿ. ಆದರೆ ಕಿತ್ತು ಬಿಸಾಕಿದ ಆ ತಗಡಿನ ತಟ್ಟೆಯ ಮೇಲೆ ನಮ್ಮ ಊರುಗಳ ಇತಿಹಾಸದ ಒಂದು ಹಾಳೆ ಇರುತ್ತದೆ. ಬಿಸಾಕುವ ಮುಂಚೆ ಅದನ್ನು ಓದಬೇಕು. ಓದಲು ಬಂದರೆ ಬಿಸಾಕುವ ಮನಸ್ಸು ಆಗುವುದಿಲ್ಲ ಅನ್ನುವುದು ನಮ್ಮ ಅನುಭವ.

ಪೆಟ್ಟಿಗೆ ನಮ್ಮ ಕಡೆ ಬಂದದ್ದು

ಕನ್ನಡ ನಾಡಿನಲ್ಲಿ ರೇಡಿಯೋ ಕೇಂದ್ರ ಮೊದಲು ಶುರುವಾದದ್ದು ಮೈಸೂರಿನಲ್ಲಿ, 1935ರಲ್ಲಿ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಅದನ್ನು ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಮರುವರ್ಷ, 1936ರಲ್ಲಿ, ದಿಲ್ಲಿಯ ಸರ್ಕಾರಿ ಪ್ರಸಾರಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರಾಯಿತು.

ಆದರೆ ಮೈಸೂರು ನಮಗೆ ದೂರ. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈಗೆ ಸೇರಿದ್ದವು. ನಮ್ಮ ಭಾಗಕ್ಕೆ ರೇಡಿಯೋ ನಿಜವಾಗಿ 'ನಮ್ಮದು' ಆದದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರ ಶುರುವಾದಾಗ. ದೇಶ ಗಣರಾಜ್ಯ ಆಗಲು ಇನ್ನೂ 18 ದಿನ ಇತ್ತು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಆರು ವರ್ಷಕ್ಕಿಂತ ಹೆಚ್ಚು ಕಾಲ ಇತ್ತು. ರಾಜ್ಯ ಒಂದಾಗುವ ಮೊದಲೇ ಗಾಳಿಯಲ್ಲಿ ಕನ್ನಡ ಬಂದಿತ್ತು.

ಕಿತ್ತೂರಿನಿಂದ ಧಾರವಾಡ ಸುಮಾರು 30 ಕಿಲೋಮೀಟರ್. ಕಿತ್ತೂರಿನ ಪಕ್ಕದ ದೇಗಾಂವಕ್ಕೂ ಹೆಚ್ಚುಕಡಿಮೆ ಅಷ್ಟೇ. ಮೀಡಿಯಂ ವೇವ್ ತರಂಗ ಹಗಲು ನೆಲ ಹಿಡಿದು ಸಾಗುತ್ತದೆ. ಇಷ್ಟು ಹತ್ತಿರದ ಊರಿಗೆ ಅದು ಮನೆಯ ಮುಂದೆ ನಿಂತು ಮಾತಾಡಿದಷ್ಟು ಸ್ಪಷ್ಟ. ರಾತ್ರಿ ಅದೇ ತರಂಗ ಆಕಾಶದ ಮೇಲ್ಪದರಕ್ಕೆ ತಾಗಿ ವಾಪಸ್ ಬರುತ್ತದೆ. ಹಾಗಾಗಿ ಕತ್ತಲಾದ ಮೇಲೆ ದೂರದ ಊರುಗಳೂ ಕೇಳಿಸುತ್ತಿದ್ದವು. ಹಿರಿಯರು "ರಾತ್ರಿ ಸಿಲೋನ್ ಚೊಲೋ ಹಿಡೀತಿತ್ತು" ಅನ್ನುವುದು ಸುಮ್ಮನೆ ಹೇಳಿದ ಮಾತಲ್ಲ. ದೂರದ ಸ್ಟೇಷನ್‌ಗಳಿಗೆ ರಾತ್ರಿಯೇ ಹೊತ್ತು.

ರೇಡಿಯೋ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿನಲ್ಲಿ ಒಂದು ಪುಸ್ತಕ ಕೊಡುತ್ತಿದ್ದರು. ವರ್ಷ ವರ್ಷ ದುಡ್ಡು ಕಟ್ಟಿ ಅದರಲ್ಲಿ ಠಸ್ಸೆ ಹಾಕಿಸಬೇಕು. ಬಹಳ ಕಾಲ ಅದು ವರ್ಷಕ್ಕೆ 15 ರೂಪಾಯಿ. ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಅದಕ್ಕೇ ಊರಲ್ಲಿ ಒಂದೆರಡು ಮನೆಯಲ್ಲಿ ರೇಡಿಯೋ ಇದ್ದರೆ ಓಣಿಯವರೆಲ್ಲ ಅದರ ಕೇಳುಗರು. 1985ರ ವೇಳೆಗೆ ಈ ಲೈಸೆನ್ಸ್ ಪದ್ಧತಿಯೇ ಹೋಯಿತು. ಅಟ್ಟದ ಮೇಲಿನ ರೇಡಿಯೋದ ಹಿಂಬದಿಯಲ್ಲಿ ಇಂಥ ಪುಸ್ತಕ ಸಿಕ್ಕರೆ ಜೋಪಾನ ಮಾಡಿ. ಯಾವ ವರ್ಷ ರೇಡಿಯೋ ಬಂತು, ಯಾರ ಹೆಸರಲ್ಲಿತ್ತು, ಯಾವ ವರ್ಷದ ತನಕ ದುಡ್ಡು ಕಟ್ಟಿದರು ಅನ್ನುವುದೆಲ್ಲ ಅದರಲ್ಲಿ ಠಸ್ಸೆ ಸಮೇತ ಇರುತ್ತದೆ.

ಆ ಪೆಟ್ಟಿಗೆಯಿಂದ ಏನು ಕೇಳುತ್ತಿತ್ತು

ಧಾರವಾಡ ಕೇಂದ್ರ ಬರೀ ಸುದ್ದಿ ಓದುವ ಕಚೇರಿ ಆಗಿರಲಿಲ್ಲ. ದ.ರಾ. ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು. 'ಎನ್ಕೆ' ಎಂದೇ ಹೆಸರಾದ ಎನ್.ಕೆ. ಕುಲಕರ್ಣಿ ಅಲ್ಲಿ ಕೆಲಸ ಮಾಡಿದರು. ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿದ್ದರು. ಸಂಗೀತ ಕಛೇರಿಗೆ ಹೋಗಲು ಬಸ್ಸಿನ ದುಡ್ಡೂ ಇಲ್ಲದ ಒಕ್ಕಲಿಗ, ಮನಸೂರರ ದನಿಯನ್ನು ಕಟ್ಟೆಯ ಮೇಲೆ ಕುಂತು ಕೇಳಬಹುದಾಯಿತು. ಜನಪದ ಹಾಡು, ನಾಟಕ, ರೈತರ ಮಾತು ಎಲ್ಲ ನಮ್ಮದೇ ಕನ್ನಡದಲ್ಲಿ ಬಂದವು.

ರೈತರಿಗಾಗಿ ರೇಡಿಯೋ ಬಳಸುವ ದೊಡ್ಡ ಪ್ರಯೋಗ ನಮ್ಮ ನೆರೆಯಲ್ಲೇ ನಡೆಯಿತು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಕೇಂದ್ರವು ಕೊಲ್ಹಾಪುರ ಸೇರಿದಂತೆ 5 ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಗುಂಪು ಕಟ್ಟಿತು. ವಾರಕ್ಕೆ ಎರಡು ಸಲ ಎಲ್ಲರೂ ಕೂಡಿ ಕಾರ್ಯಕ್ರಮ ಕೇಳುವುದು, ಆಮೇಲೆ ಚರ್ಚೆ ಮಾಡುವುದು, ಪ್ರಶ್ನೆ ಬರೆದು ಕೇಂದ್ರಕ್ಕೆ ಕಳಿಸುವುದು. ಇದು ಫಲ ಕೊಟ್ಟಿತೆಂದು 1959ರಲ್ಲಿ ದೇಶದ ಬೇರೆ ಭಾಗಗಳಿಗೂ ವಿಸ್ತರಿಸಿದರು. ಈಗಿನ ವಾಟ್ಸಾಪ್ ರೈತ ಗುಂಪಿನ ಅಜ್ಜ ಅಂತ ಇದನ್ನು ಕರೆಯಬಹುದು.

ಇನ್ನು ಸಿನಿಮಾ ಹಾಡಿನ ಮಾತು. 1950ರ ದಶಕದ ಮೊದಲ ವರ್ಷಗಳಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ತೀರಾ ಕಡಿಮೆ ಮಾಡಿತು. ಕೇಳುಗರು ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. 1952ರಲ್ಲಿ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಹಿಂದಿ ಬಾರದ ಮನೆಗಳಲ್ಲೂ ಬುಧವಾರ ರಾತ್ರಿ ಅದು ಕೇಳುತ್ತಿತ್ತು. ಕೊನೆಗೆ ಆಕಾಶವಾಣಿಯೇ 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಈ ಇತಿಹಾಸವೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಆದರೆ *ನಿಮ್ಮ* ಮನೆಯಲ್ಲಿ, *ನಿಮ್ಮ* ಊರಲ್ಲಿ ಅದು ಹೇಗೆ ನಡೆಯಿತು ಅನ್ನುವುದು ಪುಸ್ತಕದಲ್ಲಿಲ್ಲ. ಅದು ಪೆಟ್ಟಿಗೆಯ ಒಳಗಿದೆ.

ಒಂದು ಅಕ್ಷರ ಹೇಳುವ ಕಥೆ

ರೇಡಿಯೋದ ಹಿಂದಿನ ರಟ್ಟು ಬಿಚ್ಚಿದರೆ ಸಣ್ಣ ಗಾಜಿನ ಬುರುಡೆಗಳು ಕಾಣುತ್ತವೆ. ಅವೇ ವಾಲ್ವುಗಳು. ಅವುಗಳ ಮೇಲೆ ಸಣ್ಣದಾಗಿ ಹೆಸರು ಬರೆದಿರುತ್ತದೆ. ಯುರೋಪಿನ ಪದ್ಧತಿಯ ಹೆಸರಾಗಿದ್ದರೆ ಮೊದಲ ಅಕ್ಷರ ನೋಡಿ.

'ಇ' ಅಂತ ಶುರುವಾದರೆ (ಇಸಿಎಚ್ 81, ಇಬಿಎಫ್ 89, ಇಸಿಎಲ್ 82, ಇಝಡ್ 80 ಇತ್ಯಾದಿ) ಒಳಗಿನ ತಂತಿ ಕಾಯಲು 6.3 ವೋಲ್ಟ್ ಬೇಕು. ಸಾಮಾನ್ಯವಾಗಿ ಇದು ಟ್ರಾನ್ಸ್‌ಫಾರ್ಮರ್ ಇರುವ, ಮನೆ ಕರೆಂಟಿನ ರೇಡಿಯೋ.

'ಯು' ಅಂತ ಶುರುವಾದರೆ (ಯುಸಿಎಚ್ 81, ಯುಸಿಎಲ್ 82 ಇತ್ಯಾದಿ) ಎಲ್ಲ ವಾಲ್ವಿನ ತಂತಿಗಳನ್ನೂ ದೀಪದ ಸರದಂತೆ ಒಂದರ ಹಿಂದೆ ಒಂದು ಜೋಡಿಸಿ ನೇರ ಕರೆಂಟಿಗೆ ಕೊಟ್ಟಿರುತ್ತಾರೆ. ಇದು ಅಗ್ಗದ ರೇಡಿಯೋ, ಆದರೆ ಅಪಾಯದ್ದು. ಇದರ ತಗಡಿನ ತಟ್ಟೆಗೇ ಕರೆಂಟು ಇರಬಹುದು.

'ಡಿ' ಅಂತ ಶುರುವಾದರೆ (ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96) ತಂತಿ ಕಾಯಲು ಬರೀ 1.4 ವೋಲ್ಟ್ ಸಾಕು. ಅಂದರೆ ಇದು ಬ್ಯಾಟರಿ ರೇಡಿಯೋ, ಕರೆಂಟು ಇಲ್ಲದ ಮನೆಗಾಗಿ ಮಾಡಿದ್ದು.

ಹೀಗೆ ಒಂದೇ ಅಕ್ಷರ ನೋಡಿ, ಆ ರೇಡಿಯೋ ಕೊಂಡಾಗ ಮನೆಗೆ ಕರೆಂಟು ಬಂದಿತ್ತೋ ಇಲ್ಲವೋ ಊಹಿಸಬಹುದು. ಪಂಚಾಯ್ತಿ ಕಾಗದದಲ್ಲಿ ಊರಿಗೆ ಕರೆಂಟು ಬಂದ ವರ್ಷ ಸಿಗಬಹುದು. ಒಂದು ಮನೆಗೆ ಬಂದ ವರ್ಷ ಎಲ್ಲಿ ಸಿಗುತ್ತದೆ? ತಗಡಿನ ತಟ್ಟೆಯನ್ನು ಗುಜರಿಗೆ ಹಾಕಿದ ದಿನ ಆ ಸಾಕ್ಷಿಯೂ ಹೋಯಿತು.

ವಾಲ್ವಿನ ಮೇಲೆ ಕಂಪನಿ ಹೆಸರೂ ನೋಡಿ. 'ಬಿಇಎಲ್' ಅಂತ ಇದ್ದರೆ ಅದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಹುಟ್ಟಿದ ಈ ಸರ್ಕಾರಿ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು, 1964ರಲ್ಲಿ ಆಕಾಶವಾಣಿಗೇ ಟ್ರಾನ್ಸ್‌ಮಿಟರ್ ಮಾಡಿಕೊಟ್ಟಿತು. ಅದಕ್ಕೂ ಹಳೆಯ ರೇಡಿಯೋದೊಳಗೆ ಬಿಇಎಲ್ ವಾಲ್ವ್ ಕಂಡರೆ ಯಾರೋ ಮೆಕ್ಯಾನಿಕ್ ನಡುವೆ ಒಮ್ಮೆ ವಾಲ್ವ್ ಬದಲಿಸಿದ್ದಾನೆ ಅಂತ ಲೆಕ್ಕ.

ದೇಗಾಂವದ ಒಂದು ಪೆಟ್ಟಿಗೆ

ಈ ಲೇಖನಕ್ಕಾಗಿ ನಾವು ದೇಗಾಂವದ ಒಂದು ಮನೆಯ ರೇಡಿಯೋ ಬಿಚ್ಚಿ ನೋಡಿದೆವು. ಮನೆಯವರು ಹೆಸರು ಬೇಡ ಅಂದರು. "ಸೊಸಿ ಕೇಳ್ತಾಳ್ರೀ, ಈ ಡಬ್ಬಿ ಯಾಕ ಇಟ್ಟೀರಿ ಅತ್ತಿ ಅಂತ. ನನಗೂ ಹೇಳಾಕ ಬರಂಗಿಲ್ಲ," ಅಂದರು ಮನೆಯ ಹಿರಿಯಾಕೆ. ಬೈಲಹೊಂಗಲದಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ, ಈಗ ಮಿಕ್ಸರ್, ಫ್ಯಾನ್ ರಿಪೇರಿ ಮಾಡುವ ಒಬ್ಬ ಕಾಕಾ ಜೊತೆಗಿದ್ದರು.

ರಟ್ಟು ತೆಗೆದಾಗ ಮೊದಲು ಕಂಡದ್ದು ಕಣಜ ಕಟ್ಟಿದ ಮಣ್ಣಿನ ಗೂಡು. ಆಮೇಲೆ ಇಲಿ ಕಡಿದ ಡಯಲ್ ದಾರ. ಅದರ ಹಿಂದೆ ನಾಲ್ಕು ವಾಲ್ವ್, ನಾಲ್ಕೂ 'ಡಿ'. ಪೆಟ್ಟಿಗೆಯ ಎಡಗಡೆ ಇಟ್ಟಿಗೆಯಷ್ಟು ಅಗಲದ ಖಾಲಿ ಜಾಗ, ಅಲ್ಲಿಗೆ ಬಂದು ನಿಂತ ನಾಲ್ಕು ತಂತಿ. "ಇದು ಬ್ಯಾಟರಿ ಮನಿ," ಅಂದರು ಕಾಕಾ. "90 ವೋಲ್ಟಿನ ಒಂದು ಬ್ಯಾಟರಿ, ಒಂದೂವರೆ ವೋಲ್ಟಿನ ಒಂದು. ಭಾಳ ತುಟ್ಟಿ ಇತ್ತು. ಅದಕ್ಕ ಸುದ್ದಿ ಮುಗಿದ ಕೂಡಲೆ ಬಂದ್ ಮಾಡ್ತಿದ್ರು."

ಆಗ ಹಿರಿಯಾಕೆಗೆ ನೆನಪಾಯಿತು. ಮಾವನವರು ಯಾರಿಗೂ ಗುಂಡಿ ಮುಟ್ಟಲು ಬಿಡುತ್ತಿರಲಿಲ್ಲ. ಸುದ್ದಿಯ ಹೊತ್ತಿಗೆ ಮಾತ್ರ ಹಚ್ಚುವುದು, ಎಲ್ಲರೂ ಸುಮ್ಮನೆ ಕೂರುವುದು. ಅದು ಹಿರಿಯರ ಸಿಟ್ಟು ಅಂತ ಇಷ್ಟು ವರ್ಷ ಆಕೆ ತಿಳಿದಿದ್ದರು. ಅದು ಬ್ಯಾಟರಿಯ ಲೆಕ್ಕ. ಆ ಖಾಲಿ ಜಾಗ ನೋಡದೇ ಇದ್ದಿದ್ದರೆ ಈ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಇಂಥ ರೇಡಿಯೋಗಳು ಮೂಲೆ ಸೇರಲು ಕಾರಣ ಗೊತ್ತೇ ಇದೆ. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1960ರ ದಶಕದಲ್ಲಿ ಅದು ನಮ್ಮ ಊರುಗಳತ್ತ ಬಂತು. ಟಾರ್ಚಿನ ಸೆಲ್ಲಿನಲ್ಲೇ ನಡೆಯುವ, ಹೊಲಕ್ಕೆ ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ರೇಡಿಯೋ ಸಿಕ್ಕ ಮೇಲೆ 90 ವೋಲ್ಟಿನ ಬ್ಯಾಟರಿ ಯಾರು ಕೊಳ್ಳುತ್ತಾರೆ? ಬ್ಯಾಟರಿ ಮಾಡುವುದೇ ನಿಂತಿತು. ರೇಡಿಯೋ ಕೆಟ್ಟಿರಲಿಲ್ಲ, ಅದಕ್ಕೆ ಉಣಿಸು ಸಿಗಲಿಲ್ಲ, ಅಷ್ಟೇ.

ಮೂರು ದಾರಿ

ಹಳೇ ಪೆಟ್ಟಿಗೆಗೆ ಹೊಸ ಎಲೆಕ್ಟ್ರಾನಿಕ್ಸ್ ಹಾಕುವ ವಿಚಾರದಲ್ಲಿ ಲೋಕದ ಬೇರೆ ಕಡೆಯೂ ಜಗಳ ಇದೆ. ಅಮೆರಿಕ, ಯುರೋಪು, ಜಪಾನಿನಲ್ಲಿ ನಾಣ್ಯ ಹಾಕಿ ನಿಂತು ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳಿದ್ದವು. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಆ ಕಾಲದವು. ಆ ಹಳೇ ಕಟ್ಟಿಗೆ ಪೆಟ್ಟಿಗೆಗಳನ್ನು ಈಗ ರಿಪೇರಿ ಮಾಡುವವರಲ್ಲಿ ಎರಡು ಪಂಗಡ. ಒಂದು ಪಂಗಡ ಹಳೇ ಬೋರ್ಡು, ಹಳೇ ಗಾಜಿನ ಟಿವಿ ಕೊಳವೆಯನ್ನೇ ಸರಿ ಮಾಡುತ್ತದೆ. ಇನ್ನೊಂದು ಪಂಗಡ ಅದನ್ನೆಲ್ಲ ತೆಗೆದು, 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಷ್ಟಿನ ಕಂಪ್ಯೂಟರ್ ಇಟ್ಟು ಸಾವಿರಾರು ಆಟ ಆಡಿಸುತ್ತದೆ.

ಇವೆರಡರ ನಡುವೆ ಒಂದು ದಾರಿಯೂ ಅಲ್ಲಿ ಸಿಕ್ಕಿತು. 1985ರಲ್ಲಿ ಜಪಾನಿನ ತಯಾರಕರು 'ಜಾಮಾ' ಎಂಬ ಒಂದೇ ಅಳತೆಯ ಜೋಡಣೆ ತಂದಿದ್ದರು. ಯಾವ ಕಂಪನಿಯ ಆಟದ ಬೋರ್ಡನ್ನಾದರೂ ಅದೇ ಪ್ಲಗ್ಗಿಗೆ ಸಿಗಿಸಬಹುದು. ಹಾಗಾಗಿ ಆ ಕಾಲದ ಪೆಟ್ಟಿಗೆಗೆ ಹೊಸ ಬೋರ್ಡು ಹಾಕಲು ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ಬೇಡ ಅಂದಾಗ ಕಿತ್ತು ಹಳೇದನ್ನು ಮತ್ತೆ ಸಿಗಿಸಬಹುದು. ನಮ್ಮ ರೇಡಿಯೋಕ್ಕೂ ಇಂಥ ದಾರಿ ಇದೆ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು, ಹಳೇದನ್ನೇ ನಡೆಸುವುದು. ವಾಲ್ವ್ ರೇಡಿಯೋದಲ್ಲಿ ಬಹಳ ಸಲ ವಾಲ್ವುಗಳು ಚೆನ್ನಾಗೇ ಇರುತ್ತವೆ. ಕೆಡುವುದು ಕೆಪಾಸಿಟರ್. ಕಾಗದ ಸುತ್ತಿದ ಹಳೇ ಕೆಪಾಸಿಟರ್ ತೇವ ಹಿಡಿದು ಸೋರುತ್ತದೆ, ಡಬ್ಬಿಯಂಥ ಎಲೆಕ್ಟ್ರೋಲಿಟಿಕ್ ಒಣಗುತ್ತದೆ. ಇವುಗಳ ಬದಲಿಗೆ ಹೊಸ ಫಿಲ್ಮ್ ಕೆಪಾಸಿಟರ್, ಹೊಸ ಎಲೆಕ್ಟ್ರೋಲಿಟಿಕ್ ಹಾಕಿದರೆ ಎಷ್ಟೋ ರೇಡಿಯೋ ಮಾತಾಡುತ್ತವೆ. ಹೊಸವು ಹಳೆಯವಕ್ಕಿಂತ ಸಣ್ಣವು. ಹಾಗಾಗಿ ಹಳೇ ಡಬ್ಬಿಯನ್ನು ಮೇಲೆ ಹಾಗೇ ಬಿಟ್ಟು ಹೊಸದನ್ನು ತಟ್ಟೆಯ ಕೆಳಗೆ ಬೆಸುಗೆ ಹಾಕಬಹುದು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ.

ದೇಗಾಂವದ ಪೆಟ್ಟಿಗೆಗೆ ಕಾಕಾ ಇದನ್ನೇ ಮಾಡಿದರು. 90 ವೋಲ್ಟಿಗೆ ಹತ್ತು 9 ವೋಲ್ಟಿನ ಸಣ್ಣ ಬ್ಯಾಟರಿಗಳನ್ನು ಒಂದಕ್ಕೊಂದು ಸಿಗಿಸಿದರು. ಒಂಬತ್ತು ಹತ್ತಲೆ ತೊಂಬತ್ತು, ಬೇರೆ ಮಂತ್ರ ಇಲ್ಲ. ತಂತಿ ಕಾಯಲು ಒಂದು ಟಾರ್ಚ್ ಸೆಲ್. ಎಲ್ಲವೂ ಆ ಹಳೇ 'ಬ್ಯಾಟರಿ ಮನಿ'ಯಲ್ಲೇ ಕುಳಿತವು. ಮೊಬೈಲ್ ಬ್ಯಾಟರಿಯ ವೋಲ್ಟೇಜನ್ನು 90ಕ್ಕೆ ಏರಿಸುವ ಸಣ್ಣ ಬೋರ್ಡುಗಳೂ ಸಿಗುತ್ತವೆ. ಆದರೆ ಅವು ತಾವೇ ಗುಂಯ್‌ಗುಟ್ಟುವ ಸದ್ದನ್ನು ಮೀಡಿಯಂ ವೇವ್‌ಗೆ ಬೆರೆಸುತ್ತವೆ. ತಗಡಿನ ಡಬ್ಬಿಯಲ್ಲಿ ಮುಚ್ಚಿ ಫಿಲ್ಟರ್ ಹಾಕದಿದ್ದರೆ ರೇಡಿಯೋ ಕೇಳುವ ಬದಲು ಆ ಬೋರ್ಡನ್ನೇ ಕೇಳಬೇಕಾಗುತ್ತದೆ.

ರಾತ್ರಿ ಎಂಟರ ಸುಮಾರಿಗೆ ಹಚ್ಚಿದಾಗ ಕರಕರ ಸದ್ದಿನ ನಡುವೆ ಮಾತು ಬಂತು. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಬಂದ್ ಮಾಡಿದ ಮೇಲೆ ಇನ್ನೂ ಸ್ಪಷ್ಟವಾಯಿತು. ಹಳೇ ರೇಡಿಯೋ ಈಗ ಸರಿಯಾಗಿ ಕೇಳದಿರಲು ಅರ್ಧ ಕಾರಣ ನಮ್ಮ ಮನೆಯ ಈ ಹೊಸ ಸಾಮಾನುಗಳೇ.

ಎರಡನೆಯದು, ಹಳೇ ಬಾಗಿಲಿನಿಂದ ಹೊಸದನ್ನು ಒಳಗೆ ಬಿಡುವುದು. ಅನೇಕ ವಾಲ್ವ್ ರೇಡಿಯೋಗಳ ಹಿಂಬದಿಯಲ್ಲಿ ಎರಡು ಸಣ್ಣ ತೂತು ಇರುತ್ತವೆ. ಪಕ್ಕದಲ್ಲಿ 'ಪಿಯು' ಅಂತ ಬರೆದಿರುತ್ತದೆ, ಇಲ್ಲವೇ ಸಣ್ಣ ರೆಕಾರ್ಡಿನ ಚಿತ್ರ. ಅದು ಗ್ರಾಮಫೋನ್ ತಟ್ಟೆಯ ಹಾಡನ್ನು ರೇಡಿಯೋದ ಸ್ಪೀಕರಿನಲ್ಲಿ ಕೇಳಲು ಅಂದು ಇಟ್ಟ ದಾರಿ. ಇವತ್ತು ಅದಕ್ಕೇ ಒಂದು ಸಣ್ಣ ಬ್ಲೂಟೂತ್ ರಿಸೀವರ್ ಜೋಡಿಸಬಹುದು. ಎಡ, ಬಲ ಎರಡೂ ದನಿಯನ್ನು ಎರಡು ರೆಸಿಸ್ಟರ್ ಮೂಲಕ ಒಂದು ಮಾಡಬೇಕು, ಏಕೆಂದರೆ ರೇಡಿಯೋಕ್ಕೆ ಇರುವುದು ಒಂದೇ ಕಿವಿ. ಮೊಬೈಲಿನಲ್ಲಿ ಆಕಾಶವಾಣಿಯ 'ನ್ಯೂಸ್ ಆನ್ ಏರ್' ಆ್ಯಪ್ ಹಚ್ಚಿ ಧಾರವಾಡ ಹುಡುಕಿ. ಅದೇ ಕೇಂದ್ರ, ಅದೇ ವಾಲ್ವ್, ಅದೇ ಸ್ಪೀಕರ್. ದನಿ ಬರುವ ದಾರಿ ಮಾತ್ರ ಬೇರೆ.

ಇಲ್ಲಿ ಏನನ್ನೂ ಕತ್ತರಿಸಲಿಲ್ಲ, ಕೊರೆಯಲಿಲ್ಲ. ಮೊಮ್ಮಗಳಿಗೆ ಹಾಡು ಸಿಕ್ಕಿತು, ಅಜ್ಜನ ರೇಡಿಯೋ ಹಾಗೇ ಉಳಿಯಿತು. ನಮಗೆ ಇದೇ ಎಲ್ಲಕ್ಕಿಂತ ಚೊಲೋ ದಾರಿ ಅನ್ನಿಸುತ್ತದೆ.

ಮೂರನೆಯದು, ಒಳಗಿನದನ್ನು ತೆಗೆದು ಹೊಸದು ಹಾಕುವುದು. ತಟ್ಟೆ ತುಕ್ಕು ತಿಂದು ಉದುರಿದ್ದರೆ, ವಾಲ್ವು ಟ್ರಾನ್ಸ್‌ಫಾರ್ಮರ್ ಆಗಲೇ ಕಳುವಾಗಿದ್ದರೆ ಇದು ತಪ್ಪಲ್ಲ. 5 ವೋಲ್ಟಿನಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರ್, ಎಫ್‌ಎಂ ಮತ್ತು ಬ್ಲೂಟೂತ್ ಇರುವ ಬೋರ್ಡು ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಆದರೆ ಮೂರು ನಿಯಮ ಇರಲಿ. ಹೊಸ ಬೋರ್ಡನ್ನು ಒಂದು ಹಲಗೆಯ ಮೇಲೆ ಕೂರಿಸಿ ಒಳಗೆ ಇಡಿ, ಪೆಟ್ಟಿಗೆಯ ಮುಖಕ್ಕೆ ಹೊಸ ತೂತು ಕೊರೆಯಬೇಡಿ. ಊರುಗಳ ಹೆಸರಿರುವ ಗಾಜನ್ನು ತೆಗೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ, ಅಕ್ಷರ ಎದ್ದು ಬರುತ್ತವೆ. ತೆಗೆದ ಹಳೇ ಸಾಮಾನನ್ನು ಬಟ್ಟೆಯಲ್ಲಿ ಕಟ್ಟಿ, ಯಾವ ರೇಡಿಯೋದ್ದು ಅಂತ ಚೀಟಿ ಬರೆದು ಇಡಿ. ನಾಳೆ ಯಾರೋ ಕಲಿತವರು ಬಂದರೆ ಅದನ್ನು ಮತ್ತೆ ಕೂರಿಸಬಹುದು.

ಗುಡಿಗೆ ಒಂದು ನಿಯಮ, ಪೆಟ್ಟಿಗೆಗೂ ಅದೇ

ಈ ನಿಯಮಗಳು ದೇಗಾಂವದವರಿಗೆ ಹೊಸವಲ್ಲ. ಊರಿನ ಕಮಲನಾರಾಯಣ ಗುಡಿ 12ನೇ ಶತಮಾನದ್ದು. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು, ಶಿಲ್ಪಿ ತಿಪ್ಪೋಜ. ಎಂಟು ನೂರು ವರ್ಷ ದಾಟಿದ ಅಂಥ ಕಟ್ಟಡವನ್ನು ಸರಿ ಮಾಡುವಾಗ ಯಾರೂ ಹಳೇ ಕಂಬ ಕಿತ್ತು ಸಿಮೆಂಟಿನ ಕಂಬ ನಿಲ್ಲಿಸಿ "ಹೊಸದಾಯ್ತು" ಅನ್ನುವುದಿಲ್ಲ. ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿ ಭಾರತದ ಸ್ಮಾರಕ ರಕ್ಷಣೆಗೆ ತಳಹದಿ. ಅದರ ಸಾರ ಇಷ್ಟೇ: ಇರುವುದನ್ನು ಉಳಿಸು, ಹೊಸದಾಗಿ ಕಟ್ಟಿ ಹಳೇದರ ವೇಷ ಹಾಕಬೇಡ.

ಗುಡಿಗೆ ನಾವು ಕೊಡುವ ಮರ್ಯಾದೆಯನ್ನು ಅಜ್ಜನ ಪೆಟ್ಟಿಗೆಗೂ ಸ್ವಲ್ಪ ಕೊಡಬಹುದು. ಗುಡಿ ಕಟ್ಟಿಸಿದ್ದು ರಾಣಿ, ಹೆಸರು ಶಾಸನದಲ್ಲಿದೆ. ರೇಡಿಯೋ ಕೊಂಡದ್ದು ಒಬ್ಬ ಒಕ್ಕಲಿಗ, ಬಹುಶಃ ಒಂದು ಹಂಗಾಮಿನ ಜೋಳ ಮಾರಿ. ಅವನ ಶಾಸನ ಅಂದರೆ ಆ ಲೈಸೆನ್ಸ್ ಪುಸ್ತಕ, ಆ ತಟ್ಟೆ, ಆ ಖಾಲಿ ಬ್ಯಾಟರಿ ಜಾಗ.

ಕರೆಂಟು ಕೊಡುವ ಮುನ್ನ

ಇದನ್ನು ಓದಿ ಯಾರಾದರೂ ಇವತ್ತೇ ಅಟ್ಟ ಹತ್ತಿದರೆ ಈ ಮಾತುಗಳು ನೆನಪಿರಲಿ.

- ವರ್ಷಗಟ್ಟಲೆ ಬಂದ್ ಇದ್ದ ರೇಡಿಯೋವನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಮೆಕ್ಯಾನಿಕ್ ಬಳಿ ಇರುವ ಸೀರೀಸ್ ಬಲ್ಬಿನ ಮೂಲಕ ಕೊಡಿಸಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೋ ಸುಡುವುದಿಲ್ಲ.
- ಕರೆಂಟಿನ ವಾಲ್ವ್ ರೇಡಿಯೋದೊಳಗೆ 200 ವೋಲ್ಟಿಗಿಂತ ಹೆಚ್ಚು ಡಿಸಿ ಇರಬಹುದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅದು ಸ್ವಲ್ಪ ಹೊತ್ತು ಉಳಿಯುತ್ತದೆ. ಮಕ್ಕಳನ್ನು ದೂರ ಇಡಿ.
- 'ಯು' ವಾಲ್ವಿನ ರೇಡಿಯೋಕ್ಕೆ ಬ್ಲೂಟೂತ್ ಜೋಡಿಸುವ ಸಾಹಸ ಬೇಡ. ತಟ್ಟೆಯ ಕರೆಂಟು ತಂತಿ ಹಿಡಿದು ಹೊರಗೆ ಬರುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು ಮಾಡುವುದು ಬಲ್ಲವರ ಕೆಲಸ.
- 'ಡಿ' ವಾಲ್ವಿನ ತಂತಿ ಕೂದಲಿಗಿಂತ ಸಣ್ಣದು. 1.5 ವೋಲ್ಟಿನ ಜಾಗಕ್ಕೆ ಗೊತ್ತಿಲ್ಲದೆ 9 ವೋಲ್ಟ್ ಕೊಟ್ಟರೆ ಅರೆಗಳಿಗೆಯಲ್ಲಿ ನಾಲ್ಕೂ ವಾಲ್ವ್ ಹೋಗುತ್ತವೆ.
- ಪೆಟ್ಟಿಗೆಗೆ ಬಣ್ಣ ಬಳಿಯಬೇಡಿ. ಧೂಳು ಕೊಡವಿ, ಗೆದ್ದಲು ಇದ್ದರೆ ಔಷಧ ಹಾಕಿ, ಪಾಲಿಶ್ ಸಾಕು.

ಇದಕ್ಕಿಂತ ತುರ್ತಿನ ಇನ್ನೊಂದು ಕೆಲಸ ಇದೆ. ವಾಲ್ವ್ ರೇಡಿಯೋ ಬಿಚ್ಚಿ ಕೈಯಾಡಿಸಿದ ಮೆಕ್ಯಾನಿಕ್‌ಗಳು ಈಗ ಎಪ್ಪತ್ತು ದಾಟಿದ್ದಾರೆ. ಯಾವ ಸದ್ದು ಬಂದರೆ ಯಾವ ಕೆಪಾಸಿಟರ್ ಅಂತ ಅವರಿಗೆ ಕಿವಿಯಲ್ಲೇ ಗೊತ್ತು. ಇದು ಯಾವ ಪುಸ್ತಕದಲ್ಲೂ ನಮ್ಮ ಭಾಷೆಯಲ್ಲಿ ಬರೆದಿಟ್ಟಂತೆ ಕಾಣಲಿಲ್ಲ. ವಾಲ್ವುಗಳನ್ನು ಹುಡುಕಿದರೆ ಪೇಟೆಯ ಹಳೇ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತವೆ, ಈ ಕಿವಿ ಸಿಗುವುದಿಲ್ಲ. ನಿಮ್ಮ ತಾಲೂಕಿನಲ್ಲಿ ಅಂಥ ಒಬ್ಬರು ಇದ್ದರೆ, ಐಟಿಐ ಕಲಿಯುವ ಹುಡುಗ ಹುಡುಗಿಯರನ್ನು ಒಂದು ದಿನ ಅವರ ಅಂಗಡಿಗೆ ಕರೆದುಕೊಂಡು ಹೋಗಿ. ಅವರು ರೇಡಿಯೋ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ, ಮಾತನ್ನೂ ಹಿಡಿಯಿರಿ.

ದೇಗಾಂವದ ಪೆಟ್ಟಿಗೆ ಈಗ ಅಟ್ಟದಿಂದ ಇಳಿದು ಪಡಸಾಲೆಯ ಗೂಡಿನಲ್ಲಿದೆ. ಹಿಂದಿನ ರಟ್ಟಿನ ಒಳಗಡೆ ಕಾಕಾ ಪೆನ್ಸಿಲಿನಲ್ಲಿ ಬರೆದಿದ್ದಾರೆ: ಯಾವ ಯಾವ ಕೆಪಾಸಿಟರ್ ಬದಲಿಸಿದೆ, ಯಾವ ತಾರೀಕು, ಬ್ಯಾಟರಿ ಯಾವ ಕಡೆಗೆ ಜೋಡಿಸಬೇಕು. ಮುಂದೆ ಬಿಚ್ಚುವವರಿಗೆ ಅದು ದಾರಿ ತೋರಿಸುತ್ತದೆ. ನೀವು ಯಾವ ದಾರಿ ಹಿಡಿದರೂ ಇದೊಂದನ್ನು ತಪ್ಪಿಸಬೇಡಿ: ಏನು ತೆಗೆದಿರಿ, ಏನು ಹಾಕಿದಿರಿ, ರೇಡಿಯೋ ಯಾರದು, ಯಾವ ಊರಿಂದು ಅಂತ ಒಂದು ಚೀಟಿ ಬರೆದು ಒಳಗೆ ಅಂಟಿಸಿ.